ಮನೆಗೆ ಇಸಿ ತೆಗೆಸಿದಿರಿ, ನಿಮ್ಮ ಹೆಸರಿಗೆ?

ಕಲ್ಯಾಣ ನಗರ, ಎಚ್‌ಆರ್‌ಬಿಆರ್, ಎಚ್‌ಬಿಆರ್, ಕಮ್ಮನಹಳ್ಳಿ, ಬಾಣಸವಾಡಿ, ಬಾಬುಸಾಪಾಳ್ಯ, ಹೊರಮಾವಿನ ನೆರೆಹೊರೆಯವರಲ್ಲಿ ಒಂದು ಮನವಿ. ಈ ವರ್ಷವೋ ಮುಂದಿನ ವರ್ಷವೋ ಸ್ವಂತ ಮನೆ ಮಾಡಿಕೊಳ್ಳುವ ಯೋಚನೆ ನಿಮಗಿದ್ದರೆ, ಟೋಕನ್ ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಹೆಸರಿನಲ್ಲಿ ಕೋರ್ಟಿನ ಹಳೆಯ ಡಿಕ್ರಿಯೋ, ಮುಗಿಯದ ಸಾಲದ ಕೇಸೋ, ಯಾರಿಗೋ ಹಾಕಿದ ಜಾಮೀನಿನ ತಕರಾರೋ ಉಳಿದಿದೆಯೇ ಎಂದು ನೋಡಿ. ಇದ್ದರೆ ಅದನ್ನು ತೀರಿಸಿ, ತೀರಿತೆಂದು ದಾಖಲೆ ಮಾಡಿಸಿ. ಮನೆ ನೋಡಲು ಹೊರಡುವುದು ಆಮೇಲೆ.

ಹೊರ ವರ್ತುಲ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಯಿಂದ ವಿಮಾನ ನಿಲ್ದಾಣದ ಕಡೆಗೆ ಮೆಟ್ರೊ ಕಂಬಗಳು ಎದ್ದ ಮೇಲೆ ನಮ್ಮ ಕಡೆ ಮನೆ ಕೊಳ್ಳುವವರಿಗೆ ಅವಸರ ಹೆಚ್ಚಾಗಿದೆ. ಹೊರಮಾವು, ಎಚ್‌ಆರ್‌ಬಿಆರ್, ಕಲ್ಯಾಣ ನಗರ, ಎಚ್‌ಬಿಆರ್ ಎಂದು ಒಂದರ ಹಿಂದೊಂದು ನಿಲ್ದಾಣ ಬರಲಿವೆ. 'ರೈಲು ಓಡೋಕೆ ಶುರುವಾದ್ರೆ ಈ ರೇಟಿಗೆ ಸಿಗಲ್ಲ ಸಾರ್' ಅನ್ನುವ ಬ್ರೋಕರ್ ಮಾತಿಗೆ ಭಾನುವಾರ ಮಧ್ಯಾಹ್ನವೇ ಚೆಕ್ ಬರೆಯುವವರಿದ್ದಾರೆ. ಆದರೂ ಅವರು ಮಾರುವವರ ಕಾಗದವನ್ನು ಚೆನ್ನಾಗಿಯೇ ಜಾಲಾಡುತ್ತಾರೆ. ಮೂಲಪತ್ರ ಎಲ್ಲಿ, ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲಿ, ಎ ಖಾತೆಯೋ ಬಿ ಖಾತೆಯೋ, ಇ-ಖಾತಾ ಆಗಿದೆಯೋ, ಬಿಡಿಎ ಸೈಟೋ ರೆವಿನ್ಯೂ ಸೈಟೋ. ಇದನ್ನೆಲ್ಲ ಕೇಳಬೇಕಾದದ್ದೇ. ಆದರೆ ಕೊಳ್ಳುವವರ ಕಾಗದ ನೋಡುವುದು ಬ್ಯಾಂಕಿನವರು ಮಾತ್ರ, ಅದೂ ಅಡ್ವಾನ್ಸ್ ಕೈಬಿಟ್ಟು ಹೋದ ಮೇಲೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸವಿದೆ, ಕೈಯಲ್ಲಿ ಉಳಿತಾಯವಿದೆ. ಹೊರಮಾವಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಒಪ್ಪಿಗೆಯಾಯಿತು. ಕರಾರಾಗಿ ಮುಂಗಡವೂ ಹೋಯಿತು. ಮೂರು ವಾರ ಕಳೆದು ಬ್ಯಾಂಕಿನಿಂದ ಫೋನ್: 'ಸರ್, ನಿಮ್ಮ ಹೆಸರಲ್ಲಿ 2014ರ ಒಂದು ಪರ್ಸನಲ್ ಲೋನ್ ತೋರಿಸ್ತಿದೆ, ಸೂಟ್ ಫೈಲ್ಡ್ ಅಂತಿದೆ.' ಆ ಸಾಲ ಎಂದೋ ಮುಗಿಯಿತೆಂದು ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಮಾರುವವರು ಕೊಟ್ಟಿರುವ ಗಡುವು ಮೂರು ತಿಂಗಳು. ಅಷ್ಟರಲ್ಲಿ ಹಳೆಯ ಬ್ಯಾಂಕನ್ನು, ಹಳೆಯ ಕೋರ್ಟ್ ಫೈಲನ್ನು, ಊರು ಬಿಟ್ಟುಹೋದ ಹಳೆಯ ವಕೀಲರನ್ನು ಹುಡುಕಿ ಮುಗಿಸಲು ಆಗುವುದಿಲ್ಲ. ಮುಂಗಡದ ಒಂದು ಭಾಗ ಹೋಗುತ್ತದೆ, ಕೆಲವೊಮ್ಮೆ ಪೂರ್ತಿ ಹೋಗುತ್ತದೆ.

ಇಂಥ ದಾವೆಯಲ್ಲಿ ನಮಗೇ ಗೊತ್ತಿಲ್ಲದಂತೆ ತೀರ್ಪು ಹೇಗೆ ಬರುತ್ತದೆ ಎಂದು ಕೇಳಬಹುದು. ನಮ್ಮಂಥ ಬಡಾವಣೆಗಳಲ್ಲೇ ಅದು ಸುಲಭ. ಇಲ್ಲಿ ಬಾಡಿಗೆ ಮನೆಗಳು ಬಹಳ, ಹನ್ನೊಂದು ತಿಂಗಳ ಕರಾರು ಮುಗಿಯುತ್ತಿದ್ದಂತೆ ಕಮ್ಮನಹಳ್ಳಿಯಿಂದ ಬಾಣಸವಾಡಿಗೆ, ಅಲ್ಲಿಂದ ಹೆಣ್ಣೂರಿಗೆ ಸಾಮಾನು ಹೊರುವವರು ಬಹಳ. ಸಮನ್ಸ್ ಮಾತ್ರ ಸಾಲದ ಅರ್ಜಿಯಲ್ಲಿ ಬರೆದ ಹಳೆಯ ವಿಳಾಸಕ್ಕೇ ಹೋಗುತ್ತದೆ. 'ಮನೆ ಬಿಟ್ಟು ಹೋಗಿದ್ದಾರೆ' ಎಂದು ಷರಾ ಬರೆಸಿಕೊಂಡು ವಾಪಸ್ಸಾಗುತ್ತದೆ. ಮಾಮೂಲಿ ದಾರಿಯಲ್ಲಿ ಸಮನ್ಸ್ ಮುಟ್ಟಿಸಲಾಗದು ಎಂದು ಕೋರ್ಟಿಗೆ ಮನವರಿಕೆಯಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 20ನೇ ನಿಯಮದ ಪ್ರಕಾರ ಹಳೆಯ ಮನೆಯ ಬಾಗಿಲಿಗೆ ಅಂಟಿಸಿಯೋ ಪತ್ರಿಕೆಯಲ್ಲಿ ಪ್ರಕಟಿಸಿಯೋ ಮುಟ್ಟಿಸಿದಂತೆ ಎಣಿಸಬಹುದು. ಪತ್ರಿಕೆಯ ಒಳಪುಟದ ಕೋರ್ಟ್ ನೋಟಿಸುಗಳನ್ನು ದಿನವೂ ಓದುವವರು ಯಾರು? ಪ್ರತಿವಾದಿ ಬರಲಿಲ್ಲ, ಏಕಪಕ್ಷೀಯ ಡಿಕ್ರಿ ಆಯಿತು. ವಕೀಲರ ಬಾಯಲ್ಲಿ ಅದು ಎಕ್ಸ್‌ಪಾರ್ಟಿ.

ಎರಡನೆಯ ದಾರಿ ಜಾಮೀನು. 'ಸುಮ್ನೆ ಒಂದು ಸೈನ್ ಹಾಕು ಮಾರಾಯ, ನಾನಿದ್ದೀನಲ್ಲ' ಎಂದು ಸಹೋದ್ಯೋಗಿ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮು ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯೂ ಸಮ ಎನ್ನುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಸಾಲ ಕೊಟ್ಟವರು ಸಾಲಗಾರನನ್ನು ಬಿಟ್ಟು ನೇರವಾಗಿ ನಿಮ್ಮನ್ನೇ ಹಿಡಿಯಬಹುದು. ಪತ್ತಿನ ಸಹಕಾರ ಸಂಘದ ಸಾಲವಾದರೆ ವ್ಯಾಜ್ಯ ಕೋರ್ಟಿಗೆ ಹೋಗುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ನಡೆದು, ಅಲ್ಲಿನ ಐತೀರ್ಪು ಡಿಕ್ರಿಯಷ್ಟೇ ಗಟ್ಟಿಯಾಗಿ ವಸೂಲಿಗೆ ಬರುತ್ತದೆ. ನೋಂದಾಯಿತ ಚೀಟಿಯ ಜಗಳ 1982ರ ಚೀಟಿ ನಿಧಿ ಕಾಯ್ದೆಯ 64ನೇ ಕಲಮಿನಡಿ ಚೀಟಿ ರಿಜಿಸ್ಟ್ರಾರರ ಮುಂದೆ ಹೋಗುತ್ತದೆ. ಕ್ರೆಡಿಟ್ ಕಾರ್ಡು, ಬೈಕಿನ ಸಾಲ, ಪರ್ಸನಲ್ ಲೋನಿನ ಕರಾರುಗಳಲ್ಲಿ ಸಣ್ಣ ಅಕ್ಷರದಲ್ಲಿ ಆರ್ಬಿಟ್ರೇಷನ್ ಎಂಬ ಮಾತಿರುತ್ತದೆ. ಚೆನ್ನೈಯಲ್ಲೋ ಮುಂಬೈಯಲ್ಲೋ ಕುಳಿತ ಆರ್ಬಿಟ್ರೇಟರ್ ಕೊಟ್ಟ ತೀರ್ಪೂ ಇಲ್ಲಿನ ಕೋರ್ಟಿನಲ್ಲಿ ಡಿಕ್ರಿಯಂತೆಯೇ ಜಾರಿಯಾಗುತ್ತದೆ.

ಇಷ್ಟೆಲ್ಲ ಆದರೂ ವರ್ಷಗಟ್ಟಲೆ ಏನೂ ನಡೆಯದೆ ಇರಬಹುದು. ಬಾಡಿಗೆ ಮನೆಯಲ್ಲಿರುವವರ ಬಳಿ ಜಪ್ತಿ ಮಾಡಲು ಏನಿದೆ ಎಂದು ಡಿಕ್ರಿದಾರ ಸುಮ್ಮನಿರುತ್ತಾನೆ. ಹಣದ ಡಿಕ್ರಿಯನ್ನು ಜಾರಿ ಮಾಡಿಸಲು 1963ರ ಕಾಲಮಿತಿ ಕಾಯ್ದೆಯ 136ನೇ ವಿಧಿ ಹನ್ನೆರಡು ವರ್ಷ ಕೊಟ್ಟಿದೆ. ಆ ಅವಧಿಯೊಳಗೆ ಅಮಲ್ಜಾರಿ ಅರ್ಜಿ ಹಾಕಿಬಿಟ್ಟರೆ ಅದು ಹನ್ನೆರಡು ದಾಟಿಯೂ ನಡೆಯುತ್ತದೆ. ಬಡ್ಡಿ ಬೇರೆ. ಡಿಕ್ರಿಯಾದ ಮೇಲೆ ವರ್ಷಕ್ಕೆ ಶೇ 6ರ ಬಡ್ಡಿ ಎಂದೇ ಇಟ್ಟುಕೊಂಡರೂ ಒಂದೂವರೆ ಲಕ್ಷ ರೂಪಾಯಿ ಹತ್ತು ವರ್ಷದಲ್ಲಿ 2 ಲಕ್ಷ 40 ಸಾವಿರವಾಗುತ್ತದೆ. ವ್ಯಾಪಾರದ ಸಾಲವಾದರೆ ದರ ಇನ್ನೂ ಹೆಚ್ಚಿರಬಹುದು. ನೀವು ಮನೆ ನೋಂದಣಿ ಮಾಡಿಸಿಕೊಂಡ ದಿನ ಡಿಕ್ರಿದಾರನಿಗೆ ಹಿಡಿಯಲು ಒಂದು ಆಸ್ತಿ ಸಿಗುತ್ತದೆ. ಸಂಹಿತೆಯ 21ನೇ ಆದೇಶದ 54ನೇ ನಿಯಮದಡಿ ಸ್ಥಿರಾಸ್ತಿ ಜಪ್ತಿಗೆ ಆತ ಅರ್ಜಿ ಹಾಕಬಹುದು. ಅಡಮಾನ ಇಟ್ಟುಕೊಂಡ ಬ್ಯಾಂಕಿನ ಹಕ್ಕು ಮೊದಲಿನದು, ನಿಜ. ಆದರೂ ಅಮೀನರು ಗೃಹಪ್ರವೇಶದ ತೋರಣ ಬಾಡುವ ಮೊದಲೇ ಬಾಗಿಲಿಗೆ ನೋಟಿಸು ಅಂಟಿಸಿ ಹೋದರೆ ಅಕ್ಕಪಕ್ಕದವರಿಗೆ ಆದ್ಯತೆಯ ಪಟ್ಟಿ ವಿವರಿಸುತ್ತ ಕೂರಲಾಗುತ್ತದೆಯೇ?

ಕ್ರೆಡಿಟ್ ವರದಿಯಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದರಲ್ಲಿ ಗೊಂದಲ ಬಹಳ. ನಮ್ಮ ದೇಶದಲ್ಲಿ ಸಾಲದ ಮಾಹಿತಿ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಎಲ್ಲವೂ 2005ರ ಕಾಯ್ದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ಇವೆ. ಇವುಗಳಿಗೆ ಮಾಹಿತಿ ಕೊಡುವವರು ಬ್ಯಾಂಕು, ಸಹಕಾರಿ ಬ್ಯಾಂಕು, ಹಣಕಾಸು ಕಂಪನಿ, ಗೃಹಸಾಲ ಕಂಪನಿಗಳು. ಕೋರ್ಟು ಕೊಡುವುದಿಲ್ಲ. ಹಾಗಾಗಿ ತೀರ್ಪು ತೀರ್ಪಾಗಿ ಅಲ್ಲಿ ಬರುವುದಿಲ್ಲ, ಸಾಲದ ಖಾತೆಯ ಮೇಲಿನ ಗುರುತಾಗಿ ಬರುತ್ತದೆ: ಸೂಟ್ ಫೈಲ್ಡ್, ರಿಟನ್ ಆಫ್, ಸೆಟಲ್ಡ್. ನೀವು ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಯಲ್ಲೇ, ಗ್ಯಾರಂಟರ್ ಎಂಬ ಹೆಸರಿನಲ್ಲಿ ಕೂತಿರುತ್ತದೆ. ಪರಿಚಿತರ ಕೈಸಾಲ, ಹಳೆಯ ಮನೆ ಮಾಲೀಕರು ಬಾಡಿಗೆ ಬಾಕಿಗೆ ಹಾಕಿದ ದಾವೆ, ಖಾಸಗಿ ವ್ಯಕ್ತಿಗೆ ಕೊಟ್ಟ ಚೆಕ್ ಬೌನ್ಸಿನ ಕೇಸು ಅಲ್ಲಿ ಬರುವುದಿಲ್ಲ. ಆದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿದರೆ ಯಾರಿಗಾದರೂ ಸಿಗುತ್ತವೆ, ಬ್ಯಾಂಕಿನ ವಕೀಲರಿಗೂ ಸಿಗುತ್ತವೆ. ಆದ್ದರಿಂದ ಸ್ಕೋರು 780 ಇದೆ ಎಂದು ನಿಶ್ಚಿಂತರಾಗಬೇಡಿ. ಎರಡೂ ಕಡೆ ನೋಡಿ.

'ಏಳು ವರ್ಷವಾದ ಮೇಲೆ ಎಲ್ಲ ತಾನೇ ಅಳಿಸಿಹೋಗುತ್ತೆ' ಎಂಬ ನಂಬಿಕೆ ನಮ್ಮ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವೇದವಾಕ್ಯದಂತೆ ಓಡಾಡುತ್ತದೆ. ನಮ್ಮ ನಿಯಮ ಹೇಳುವುದು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಎಂದು. ಆಮೇಲೆ ಅಳಿಸಲೇಬೇಕು ಎಂಬ ಮಾತು ಅದರಲ್ಲಿಲ್ಲ. ಏಳು ವರ್ಷದ ಕಥೆ ಅಮೆರಿಕದ ವಿಡಿಯೊಗಳಿಂದ ಬಂದದ್ದು. ಅಲ್ಲಿ ಮೂರು ದೊಡ್ಡ ಕಂಪನಿಗಳು 2017ರ ಜುಲೈಯಿಂದ ಸಿವಿಲ್ ತೀರ್ಪುಗಳನ್ನು ವರದಿಯಿಂದಲೇ ತೆಗೆದುಹಾಕಿದವು. ಇಂಗ್ಲೆಂಡಿನಲ್ಲಿ ಕೌಂಟಿ ಕೋರ್ಟಿನ ತೀರ್ಪು ಆರು ವರ್ಷ ದಾಖಲೆಯಲ್ಲಿರುತ್ತದೆ, ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಅಳಿಸುತ್ತಾರೆ. ಮಗಳು ಲಂಡನ್ನಿನಿಂದ, ಮಗ ಡಲ್ಲಾಸಿನಿಂದ ಫೋನಿನಲ್ಲಿ ಕೊಡುವ ಸಲಹೆ ಅಲ್ಲಿಗೆ ಸರಿ. ಇಲ್ಲಿ ಯಾವುದೂ ತಾನಾಗಿ ಅಳಿಸುವುದಿಲ್ಲ ಎಂದುಕೊಂಡೇ ಹೊರಡುವುದು ಕ್ಷೇಮ.

ತೀರಿಸುವ ವಿಚಾರಕ್ಕೆ ಬರೋಣ. ದುಡ್ಡು ಕಟ್ಟಿದರೆ ಕೇಸು ಮುಗಿಯಿತು ಎಂದುಕೊಳ್ಳುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ದುಡ್ಡು ಕಟ್ಟಿದ್ದನ್ನು ಕೋರ್ಟು, ಸಾಲ ಕೊಟ್ಟವರು, ಕ್ರೆಡಿಟ್ ಕಂಪನಿ ಮೂವರೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಒಬ್ಬರು ಬರೆದುಕೊಂಡದ್ದು ಇನ್ನೊಬ್ಬರಿಗೆ ತಾನಾಗಿ ತಲುಪುವುದಿಲ್ಲ.

ಕೋರ್ಟಿನ ಮಾತು ಮೊದಲು. ಯಾವ ಕೋರ್ಟು ಎಂಬುದನ್ನು ಇ-ಕೋರ್ಟ್ಸ್‌ನಲ್ಲಿ ಹೆಸರಿನಿಂದ ಹುಡುಕಿ. ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಮಂಜುನಾಥ, ಲಕ್ಷ್ಮಿ, ಮೊಹಮ್ಮದ್ ಎಂಬ ಹೆಸರಿನವರು ಪುಟಗಟ್ಟಲೆ ನೋಡಲು ಸಿದ್ಧರಾಗಿ, ತಂದೆಯ ಹೆಸರು, ವಿಳಾಸ ಹೋಲಿಸಿ ನೋಡಿ. ನಮ್ಮ ಪೂರ್ವ ಭಾಗದವರ ಎಷ್ಟೋ ಕೇಸುಗಳು ಮೇಯೋ ಹಾಲ್‌ನಲ್ಲಿರುವ ಸಿಟಿ ಸಿವಿಲ್ ಕೋರ್ಟಿನ ಘಟಕದಲ್ಲೇ ಇರುತ್ತವೆ. ಅಂಡಮಾನಿನಲ್ಲಿ ಕೊಲೆಯಾದ ವೈಸ್‌ರಾಯ್ ಮೇಯೋ ನೆನಪಿಗೆ 1883ರಲ್ಲಿ ಎದ್ದ ಆ ಕಟ್ಟಡವನ್ನು ಎಂ.ಜಿ. ರಸ್ತೆಗೆ ಹೋದವರೆಲ್ಲ ಹೊರಗಿನಿಂದ ಕಂಡಿದ್ದೀರಿ. ಒಳಗೆ ಹೋಗಲು ಅಂಜಬೇಕಿಲ್ಲ. ನಕಲು ವಿಭಾಗದಲ್ಲಿ ಅರ್ಜಿ ಹಾಕಿ ತೀರ್ಪಿನ, ಡಿಕ್ರಿಯ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಎಷ್ಟು ಮೊತ್ತ, ಯಾವ ದಿನದಿಂದ ಎಷ್ಟು ಬಡ್ಡಿ, ಖರ್ಚು ಎಷ್ಟು ಎಂಬುದು ಡಿಕ್ರಿಯಲ್ಲೇ ಇರುತ್ತದೆ. ವಸೂಲಿ ಏಜೆಂಟು ಫೋನಿನಲ್ಲಿ ಹೇಳುವ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡಿ.

ಸಮನ್ಸ್ ನಿಮಗೆ ಸರಿಯಾಗಿ ಮುಟ್ಟದೆಯೇ ಏಕಪಕ್ಷೀಯ ಡಿಕ್ರಿ ಆಗಿದ್ದರೆ ಅದನ್ನು ತೆಗೆಸಲು ಸಂಹಿತೆಯ 9ನೇ ಆದೇಶದ 13ನೇ ನಿಯಮ ಇದೆ. ಡಿಕ್ರಿ ನಿಮಗೆ ಗೊತ್ತಾದ ದಿನದಿಂದ ಮೂವತ್ತು ದಿನ ಮಾತ್ರ ಅವಕಾಶ. ಇವತ್ತು ಮೊಬೈಲಿನಲ್ಲಿ ಕಂಡಿತು ಅಂದರೆ ದಿನ ಎಣಿಕೆ ಶುರುವಾಯಿತು ಎಂದೇ ತಿಳಿದು ಅದೇ ವಾರ ವಕೀಲರನ್ನು ಕಾಣಿ. 'ದೀಪಾವಳಿ ಕಳೀಲಿ' ಎಂದರೆ ಆ ಬಾಗಿಲು ಮುಚ್ಚುತ್ತದೆ. ತಡವಾದುದಕ್ಕೆ ಕ್ಷಮೆ ಕೋರಿ ಅರ್ಜಿ ಹಾಕಬಹುದು, ಒಪ್ಪುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು.

ಸಾಲ ನನ್ನದೇ, ಕಟ್ಟಿಬಿಡುತ್ತೇನೆ ಅನ್ನುವವರು 21ನೇ ಆದೇಶದ 1 ಮತ್ತು 2ನೇ ನಿಯಮಗಳನ್ನು ನೆನಪಿಡಬೇಕು. ಕೋರ್ಟಿನಲ್ಲೇ ಠೇವಣಿ ಇಡಬಹುದು, ಬ್ಯಾಂಕಿನ ಮೂಲಕವೂ ಕೊಡಬಹುದು. ಕೋರ್ಟಿನ ಹೊರಗೆ ಡಿಕ್ರಿದಾರನಿಗೆ ಕೊಟ್ಟಿದ್ದರೆ ಆ ಸಂದಾಯವನ್ನು ಕೋರ್ಟಿನಲ್ಲಿ ದಾಖಲು ಮಾಡಿಸಲೇಬೇಕು. ದಾಖಲಾಗದ ಸಂದಾಯವನ್ನು ಅಮಲ್ಜಾರಿ ಕೋರ್ಟು ಕಣ್ಣೆತ್ತಿಯೂ ನೋಡುವಂತಿಲ್ಲ ಎಂದು ಅದೇ 2ನೇ ನಿಯಮ ಹೇಳುತ್ತದೆ. ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿಯುತ್ತ ಎರಡು ಲಕ್ಷ ನಗದು ಎಣಿಸಿಕೊಟ್ಟು ಕೈಕುಲುಕಿ ಬಂದಿರುತ್ತೀರಿ. ಆರು ವರ್ಷದ ಮೇಲೆ ಆತನೋ ಆತನ ಮಕ್ಕಳೋ ಅಮಲ್ಜಾರಿ ಹಾಕಿದರೆ ಆ ಎರಡು ಲಕ್ಷ ಕೋರ್ಟಿನ ಲೆಕ್ಕಕ್ಕೆ ಇಲ್ಲ. ಮತ್ತೆ ಕಟ್ಟಿ, ಮೊದಲು ಕೊಟ್ಟದ್ದನ್ನು ವಾಪಸು ಪಡೆಯಲು ಬೇರೆ ದಾವೆ ಹಾಕುತ್ತ ಅಲೆಯಬೇಕು. ಸಾಲಗಾರ ತಾನೇ ಅರ್ಜಿ ಹಾಕಿ ದಾಖಲು ಮಾಡಿಸುವುದಾದರೆ ಕಾಲಮಿತಿ ಕಾಯ್ದೆಯ 125ನೇ ವಿಧಿಯಂತೆ, ಕೊಟ್ಟ ದಿನದಿಂದ ಮೂವತ್ತು ದಿನವಷ್ಟೇ. ಅದಕ್ಕೂ ಬ್ಯಾಂಕ್ ದಾಖಲೆಯೋ ಬರವಣಿಗೆಯ ರಸೀದಿಯೋ ಬೇಕು. ಗಡುವು ಮೀರಿಹೋಗಿದ್ದರೆ ಉಳಿಯುವ ದಾರಿ ಡಿಕ್ರಿದಾರನನ್ನೇ ಹುಡುಕಿ, 'ಪೂರ್ತಿ ತೀರಿದೆ' ಎಂದು ಅವರ ಕೈಯಿಂದಲೇ ಕೋರ್ಟಿಗೆ ಮೆಮೊ ಹಾಕಿಸುವುದು. ಅದರ ಮೇಲೆ ಆಗುವ ಆದೇಶದ ಸರ್ಟಿಫೈಡ್ ಕಾಪಿ ನಿಮ್ಮ ಕೈಯಲ್ಲಿರಲಿ. ಮುಂದೆ ಬ್ಯಾಂಕಿನ ವಕೀಲರು ಕೇಳುವುದು ಅದನ್ನೇ.

ಸಾಲ ಬ್ಯಾಂಕಿನದೋ ಹಣಕಾಸು ಕಂಪನಿಯದೋ ಆಗಿದ್ದರೆ ಅವರ ಜೊತೆಗಿನ ಮಾತುಕತೆಯಲ್ಲಿ ಒಂದು ಪದದ ಮೇಲೆ ಕಣ್ಣಿಡಿ. ಪೂರ್ತಿ ಕಟ್ಟಿ ಮುಗಿಸಿದರೆ ಖಾತೆ 'ಕ್ಲೋಸ್ಡ್'. ಬಡ್ಡಿ, ಅಸಲಿನಲ್ಲಿ ಬಿಟ್ಟುಕೊಡಿಸಿಕೊಂಡು ಮುಗಿಸಿದರೆ 'ಸೆಟಲ್ಡ್'. ಎರಡನೆಯದು ಕಿಸೆಗೆ ಹಗುರ, ವರದಿಯಲ್ಲಿ ಭಾರ. ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಹೊರಡಿಸಿದ ಚೌಕಟ್ಟಿನ ಪ್ರಕಾರ ರಾಜಿ ಮಾಡಿಕೊಂಡ ಸಾಲಗಾರರಿಗೆ, ಕೃಷಿಯೇತರ ಸಾಲವಾದರೆ, ಮತ್ತೆ ಸಾಲ ಕೊಡಲು ಕನಿಷ್ಠ 12 ತಿಂಗಳ ಅಂತರ ಬೇಕು. ಬ್ಯಾಂಕಿನ ಆಡಳಿತ ಮಂಡಳಿ ಇದಕ್ಕಿಂತ ಹೆಚ್ಚೂ ಇಡಬಹುದು. ವಸೂಲಿ ದಾವೆ ಕೋರ್ಟಿನಲ್ಲಿ ಬಾಕಿ ಇರುವಾಗ ರಾಜಿಯಾದರೆ ಅಲ್ಲಿಂದ ರಾಜಿ ಡಿಕ್ರಿ ಪಡೆಯಲೇಬೇಕು ಎಂಬ ಮಾತೂ ಅದೇ ಚೌಕಟ್ಟಿನಲ್ಲಿದೆ. ನನ್ನ ಸಲಹೆ ಕೇಳಿದರೆ, ಮನೆ ಕೊಳ್ಳುವ ಆಸೆ ಗಟ್ಟಿಯಿದ್ದು ಹಳೆಯ ಬಾಕಿ ಸಣ್ಣದಿದ್ದರೆ ರಿಯಾಯಿತಿಗೆ ಆಸೆಪಡದೆ ಪೂರ್ತಿ ಕಟ್ಟಿ. ಮೊದಲೇ ಸೆಟಲ್ ಮಾಡಿಕೊಂಡಿದ್ದವರು ಉಳಿದ ಮೊತ್ತ ಕಟ್ಟಿ ಖಾತೆಯನ್ನು ಕ್ಲೋಸ್ಡ್ ಮಾಡಿಕೊಡುತ್ತೀರಾ ಎಂದು ಬರವಣಿಗೆಯಲ್ಲಿ ಕೇಳಿ. ಒಪ್ಪಿಗೆಯ ಪತ್ರ ಕೈಗೆ ಬರುವವರೆಗೆ ಹಣ ಕೊಡಬೇಡಿ, ಕೊಟ್ಟ ಮೇಲೆ ನೋ ಡ್ಯೂ ಸರ್ಟಿಫಿಕೇಟ್ ಬಿಡಬೇಡಿ.

ದರದ ಲೆಕ್ಕವನ್ನೂ ನೋಡಿ. 50 ಲಕ್ಷ ರೂಪಾಯಿ ಗೃಹಸಾಲ, ಇಪ್ಪತ್ತು ವರ್ಷ. ಶೇ 8.5ರಲ್ಲಿ ತಿಂಗಳ ಕಂತು ಸುಮಾರು 43,390 ರೂಪಾಯಿ, ಶೇ 9.5ರಲ್ಲಿ 46,600. ತಿಂಗಳಿಗೆ ಮೂರು ಸಾವಿರ ಚಿಲ್ಲರೆ, ಇಪ್ಪತ್ತು ವರ್ಷಕ್ಕೆ 7 ಲಕ್ಷ 70 ಸಾವಿರ. ಸ್ಕೋರು ಚೆನ್ನಾಗಿಲ್ಲದವರಿಗೆ ಬ್ಯಾಂಕು ಸಾಲವನ್ನೇ ನಿರಾಕರಿಸಬೇಕೆಂದಿಲ್ಲ, ದರ ಏರಿಸಿದರೂ ಸಾಕು. ಈ ಲೆಕ್ಕ ನೋಡದೆ ಎಷ್ಟೋ ಜನ ಹಳೆಯ ಅರವತ್ತು ಸಾವಿರದ ಬಾಕಿಯನ್ನು ಹಟಕ್ಕೆ ಬಿದ್ದು ಕಟ್ಟದೆ ಉಳಿಸಿಕೊಂಡಿರುತ್ತಾರೆ.

ಇನ್ನು ಕ್ರೆಡಿಟ್ ಕಂಪನಿ. 2017ರ ಜನವರಿ 1ರಿಂದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕರಿಂದಲೂ ತರಿಸಿ, ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರಬಹುದು. ಸಂಗಾತಿಯದನ್ನೂ ತರಿಸಿ. ಇಬ್ಬರ ಆದಾಯ ಸೇರಿಸಿ ಸಾಲ ಕೇಳುವಾಗ ಇಬ್ಬರ ಹಳೆಯ ಲೆಕ್ಕವೂ ಮೇಜಿನ ಮೇಲೆ ಬರುತ್ತದೆ. ತಪ್ಪು ಕಂಡರೆ ಕಂಪನಿಯ ತಾಣದಲ್ಲೇ ತಕರಾರು ಹಾಕಿ, ನೋ ಡ್ಯೂ ಪತ್ರ ಮತ್ತು ಕೋರ್ಟ್ ಆದೇಶ ಲಗತ್ತಿಸಿ. ಮೂವತ್ತು ದಿನದಲ್ಲಿ ಬಗೆಹರಿಸಬೇಕು. ಅದರಲ್ಲಿ ಸಾಲ ಕೊಟ್ಟ ಸಂಸ್ಥೆಗೆ 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶ ಮಾಡಿ, 2024ರ ಏಪ್ರಿಲಿನಿಂದ ಜಾರಿಗೆ ತಂದಿದೆ. ಕೇಳದಿದ್ದರೆ ಕೊಡುವವರು ಕಡಿಮೆ, ಕೇಳಿ. ಸಂಸ್ಥೆಗಳು ಮಾಹಿತಿಯನ್ನು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕಾಗಿದೆ. ಹಾಗಾಗಿ 'ಅಪ್‌ಡೇಟ್ ಆಗೋಕೆ ಮೂರು ತಿಂಗಳು ಬೇಕು' ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ಮೂವತ್ತು ದಿನವಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರಿನಿಂದ ಆ ವ್ಯವಸ್ಥೆಯೊಳಗೆ ಬಂದಿವೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೇಗೆಂದು ತಿಳಿಯಲು 14448ಕ್ಕೆ ಫೋನ್ ಮಾಡಬಹುದು.

ಇಷ್ಟನ್ನು 'ನಾವೇ ಮಾಡಿಕೊಡ್ತೀವಿ, ಹದಿನೈದು ಸಾವಿರ ಕೊಡಿ, ಸ್ಕೋರ್ ಎಂಟುನೂರು ಗ್ಯಾರಂಟಿ' ಎನ್ನುವ ಏಜೆಂಟರು ಫೋನಿನಲ್ಲೂ ಫೇಸ್‌ಬುಕ್ಕಿನಲ್ಲೂ ತುಂಬಿದ್ದಾರೆ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಕ್ರೆಡಿಟ್ ಕಂಪನಿ ಒಂದಕ್ಷರವನ್ನೂ ಬದಲಿಸುವುದಿಲ್ಲ. ನೀವು ಉಚಿತವಾಗಿ ಹಾಕಬಹುದಾದ ಅರ್ಜಿಯನ್ನೇ ಅವರೂ ಹಾಕುತ್ತಾರೆ. ಪ್ಯಾನ್, ಆಧಾರ್, ಒಟಿಪಿ ಅವರ ಕೈಗೆ ಹೋಯಿತೆಂಬುದೊಂದೇ ವ್ಯತ್ಯಾಸ.

ಕೆಲವರು ತಂದೆಯ ಕಾಲದ ಡಿಕ್ರಿಗೆ ಹೆದರಿ ಮನೆಯ ಆಸೆಯನ್ನೇ ಬಿಟ್ಟಿದ್ದಾರೆ. ತೀರಿಹೋದವರ ಮೇಲಿನ ಡಿಕ್ರಿ ವಾರಸುದಾರರಿಗೆ ತಗಲುವುದು, ಅವರಿಂದ ಬಂದ ಆಸ್ತಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ. ಸಂಹಿತೆಯ 50ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ನೀವೇ ಜಾಮೀನುದಾರರಾಗಿ ಸಹಿ ಹಾಕಿರದಿದ್ದರೆ, ನಿಮ್ಮ ದುಡಿಮೆಯಿಂದ ಕೊಂಡ ಫ್ಲ್ಯಾಟಿಗೆ ಅಪ್ಪನ ಡಿಕ್ರಿ ಬರುವುದಿಲ್ಲ.

ವಕೀಲರ ಫೀಜು ಕಷ್ಟ ಅನ್ನುವವರಿಗೆ ಲೋಕ ಅದಾಲತ್ ಇದೆ. ರಾಷ್ಟ್ರೀಯ ಲೋಕ ಅದಾಲತ್ ವರ್ಷದಲ್ಲಿ ಹಲವು ಸಲ ನಡೆಯುತ್ತದೆ. ಬ್ಯಾಂಕ್ ಸಾಲ, ಚೆಕ್ ಬೌನ್ಸ್, ಬಾಕಿ ಅಮಲ್ಜಾರಿ ಅಲ್ಲಿ ರಾಜಿಗೆ ಬರುತ್ತವೆ. ಕೋರ್ಟಿಗೆ ಹೋಗುವ ಮೊದಲಿನ ವ್ಯಾಜ್ಯವನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿನ ಐತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಎಂದಾಗ ಇಡೀ ಬೆಂಗಳೂರು ಸಾಲುಗಟ್ಟಿ ನಿಂತು ಬಾಕಿ ತೀರಿಸಿತು. ಐನೂರು ರೂಪಾಯಿ ದಂಡಕ್ಕೆ ತೋರಿಸಿದ ಉತ್ಸಾಹವನ್ನು ಐವತ್ತು ಸಾವಿರದ ಡಿಕ್ರಿಗೂ ತೋರಿಸಬಹುದು.

ಈ ಮನವಿ ಸಾಲಗಾರರಿಗೆ ಮಾತ್ರವಲ್ಲ, ಸಾಲ ವಸೂಲಾದವರಿಗೂ. ಚೀಟಿ ನಡೆಸುವವರು, ಪತ್ತಿನ ಸಂಘದ ನಿರ್ದೇಶಕರು, ಬಾಡಿಗೆ ಬಾಕಿಗೆ ದಾವೆ ಹಾಕಿ ಗೆದ್ದ ಮನೆ ಮಾಲೀಕರು, ಕೈಸಾಲ ಕೊಟ್ಟ ಹಿರಿಯರು ನಮ್ಮ ನಡುವೆ ಬೇಕಾದಷ್ಟಿದ್ದೀರಿ. ಹಣ ಕೈಗೆ ಬಂದ ಮೇಲೆ ಅದನ್ನು ಕೋರ್ಟಿಗೆ ತಿಳಿಸುವುದು ಡಿಕ್ರಿದಾರನ ಕರ್ತವ್ಯ ಎಂದು 21ನೇ ಆದೇಶದ 2ನೇ ನಿಯಮದ ಮೊದಲ ಸಾಲಿನಲ್ಲೇ ಇದೆ. 'ದುಡ್ಡು ಬಂತು, ಇನ್ನು ಕೋರ್ಟು ಕಚೇರಿ ಯಾರು ಅಲೀತಾರೆ' ಎಂದು ಬಿಟ್ಟರೆ ಕಟ್ಟಿದವರ ಹೆಸರು ವರ್ಷಾನುಗಟ್ಟಲೆ ಬಾಕಿಯಾಗಿ ನಿಲ್ಲುತ್ತದೆ. ನಿಮ್ಮ ವಕೀಲರಿಗೆ ಒಂದು ಫೋನ್ ಮಾಡಿ, ತೀರುವಳಿ ಮೆಮೊ ಹಾಕಿಸಿ. ಅಡಮಾನದ ಸಾಲ ತೀರಿದ ಮೇಲೆ ಮೂಲಪತ್ರವನ್ನು ಮೂವತ್ತು ದಿನದಲ್ಲಿ ಮರಳಿಸದ ಬ್ಯಾಂಕು ದಿನಕ್ಕೆ 5,000 ರೂಪಾಯಿ ತೆರಬೇಕು ಎಂದು 2023ರ ಡಿಸೆಂಬರಿನಿಂದ ನಿಯಮವಿದೆ. ಖಾಸಗಿ ಡಿಕ್ರಿದಾರರಿಗೆ ಅಂಥ ದಂಡವಿಲ್ಲ. ಅದಕ್ಕೇ ಈ ಕೇಳಿಕೆ.

ಅಪಾರ್ಟ್‌ಮೆಂಟ್ ಸಂಘಗಳಿಗೆ, ಬಡಾವಣೆಯ ನಿವಾಸಿ ಸಂಘಗಳಿಗೆ ಒಂದು ಕೋರಿಕೆ ಇದೆ. ಆರೋಗ್ಯ ತಪಾಸಣೆ, ರಕ್ತದಾನ ಶಿಬಿರಗಳನ್ನು ಚೆನ್ನಾಗಿ ಮಾಡುತ್ತೀರಿ. ಒಂದು ಭಾನುವಾರ ಕ್ಲಬ್ ಹೌಸಿನಲ್ಲೋ ಪಾರ್ಕಿನ ಮಂಟಪದಲ್ಲೋ ಎರಡು ಮೇಜು ಹಾಕಿ. ಒಂದರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ನಮ್ಮದೇ ನಿವಾಸಿಯೊಬ್ಬರು ಕೂತು ಕ್ರೆಡಿಟ್ ವರದಿ ಓದಲು ನೆರವಾಗಲಿ, ಇನ್ನೊಂದರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಳಿಸುವ ವಕೀಲರು ಇರಲಿ. ವರದಿಯನ್ನು ಅವರವರ ಫೋನಿನಲ್ಲೇ ತೆರೆಯಲಿ, ಯಾರ ಕಾಗದದ ಪ್ರತಿಯನ್ನೂ ಸಂಘ ಇಟ್ಟುಕೊಳ್ಳಬಾರದು, ಯಾರಿಗೆ ಏನಿತ್ತು ಎಂಬುದು ಗುಂಪಿನ ಚರ್ಚೆಗೆ ಬರಬಾರದು. ಮುಂದಿನ ಲೋಕ ಅದಾಲತ್‌ಗೆ ಎರಡು ತಿಂಗಳು ಇರುವಂತೆ ದಿನ ಗೊತ್ತುಮಾಡಿದರೆ, ಅಂದು ಪತ್ತೆಯಾದ ಕೇಸುಗಳನ್ನು ಆ ಅದಾಲತ್ತಿನ ಪಟ್ಟಿಗೇ ಸೇರಿಸಬಹುದು.

ಈಗಾಗಲೇ ಮನೆ ಒಪ್ಪಿಗೆಯಾಗಿ ನಾಳೆಯೇ ಕರಾರು ಎಂದಿರುವವರು ಕರಾರಿನಲ್ಲಿ ಒಂದು ಷರತ್ತು ಬರೆಸಿ: ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡವನ್ನು ಇಂತಿಷ್ಟು ದಿನದಲ್ಲಿ ಪೂರ್ತಿ ಮರಳಿಸತಕ್ಕದ್ದು. ಬಿಲ್ಡರಿಂದ ಕೊಳ್ಳುವುದಾದರೆ ಮಾರಾಟದ ಕರಾರು ನೋಂದಣಿಯಾಗುವವರೆಗೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೊಡಬೇಡಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಮಾರುವವರು ಷರತ್ತಿಗೆ ಒಪ್ಪದಿದ್ದರೆ ಒಂದು ವಾರ ಕಾಲಾವಕಾಶ ಕೇಳಿ. ನಾಲ್ಕೂ ವರದಿ ತರಿಸಿ, ಇ-ಕೋರ್ಟ್ಸ್‌ನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಹುಡುಕಲು ಆ ವಾರ ಸಾಕು.